ಸೀಸದ ಗುರುತು

ಜಯನಗರದ ವಿಮಲಾ ಅವರ ಮನೆಯಲ್ಲಿ ಗೆಳತಿ ಮೀನಾಕ್ಷಮ್ಮ ಅವರೆಕಾಯಿ ಬಿಡಿಸುತ್ತಿದ್ದಾಗ ಶಿಲ್ಪಶ್ರೀ ಬಂದಳು. ಎಕ್ಸ್‌ರೇ ಪದವಿಯ ಕೊನೆಯ ವರ್ಷದ ಹುಡುಗಿ. ನಿವೃತ್ತರಾಗುವ ಮುನ್ನ ವಿಮಲಾ ಅವಳಿಗೆ ಪಾಠ ಹೇಳಿದ್ದರು.

"ಮೇಡಂ, ನನ್ನನ್ನ ಕಾಲೇಜಿಂದ ತೆಗೀತಾರಂತೆ. ನಾಳೆ ವಿಚಾರಣೆ. ನನ್ನ ಮಾರ್ಕರ್ ಕದ್ದೋರು ಸಿಗಲಿ, ಸುಮ್ನೆ ಬಿಡಲ್ಲ."

ಆ ಕಾಲೇಜಿನಲ್ಲಿ ಪ್ರತಿಯೊಬ್ಬರಿಗೂ ತಮ್ಮ ಸಂಖ್ಯೆ ಕೊರೆದ ಸೀಸದ ತುಂಡೊಂದಿತ್ತು, ಅದೇ ಮಾರ್ಕರ್. ಎಕ್ಸ್‌ರೇ ಪ್ಲೇಟಿನ ಮೇಲಿಟ್ಟರೆ ಸಂಖ್ಯೆ ಚಿತ್ರದಲ್ಲಿ ಮೂಡುತ್ತದೆ, ಅದೇ ತೆಗೆದವರ ಸಹಿ. ವಾರ್ಡಿನ ಚಕ್ರದ ಎಕ್ಸ್‌ರೇ ಯಂತ್ರದಲ್ಲಿ, ರೋಗಿಯ ಹೆಸರಿಲ್ಲದ ಬಲಗೈ ಚಿತ್ರವೊಂದು ಅವಳ ಸಂಖ್ಯೆಯೊಂದಿಗೆ ಸಿಕ್ಕಿತ್ತು. ಕಾರಣವಿಲ್ಲದೆ ಒಬ್ಬರ ಮೇಲೆ ಕಿರಣ ಬಿಡುವುದು ಅಲ್ಲಿ ಕ್ಷಮೆಯಿಲ್ಲದ ತಪ್ಪು.

"ಅವತ್ತು ವಾರ್ಡಲ್ಲಿ ಯಾರಿದ್ರು?" ವಿಮಲಾ ಕೇಳಿದರು.

"ನಾನು, ಮಧುಶ್ರೀ, ಕೈಲಾಸ್. ಮಧುಶ್ರೀಗೆ ರ್‍ಯಾಂಕ್ ಹುಚ್ಚು. ಕೈಲಾಸ್ ಎಕ್ಸ್‌ರೇ ತೆಗೆಯುವಾಗ ಒಬ್ಬ ಅಜ್ಜಿಯ ತೋಳು ಎಳೆದಾಡಿದ ಅಂತ ನಾನೇ ದೂರು ಕೊಟ್ಟಿದ್ದೆ. ಅವನನ್ನ ಆರು ತಿಂಗಳು ಸಸ್ಪೆಂಡ್ ಮಾಡಿದ್ರು."

ಅವಳ ಫೋನಿನಲ್ಲಿದ್ದ ಚಿತ್ರವನ್ನು ವಿಮಲಾ ಬಹಳ ಹೊತ್ತು ನೋಡಿದರು. ಕಿರುಬೆರಳಿನ ಕೆಳಗಿನ ಮೂಳೆ ಎಂದೋ ಮುರಿದು, ಬಾಗಿಯೇ ಕೂಡಿಕೊಂಡಿತ್ತು.

ಮರುದಿನ ಗೆಳತಿಯರಿಬ್ಬರೂ ಹೋದಾಗ ಬನಶಂಕರಿಯ ಆ ಕಾಲೇಜಿನಲ್ಲಿ ಲಿಫ್ಟ್ ಕೆಟ್ಟಿತ್ತು. "ಕೊಡಿ ಆಂಟಿ," ಎಂದು ಹುಡುಗನೊಬ್ಬ ಮೀನಾಕ್ಷಮ್ಮನ ಚೀಲವನ್ನು ಮೂರು ಮಹಡಿ ಹೊತ್ತು ತಂದ. ಅವನೇ ಕೈಲಾಸ್ ಎಂದು ಆಮೇಲೆ ತಿಳಿಯಿತು.

"ಒಳ್ಳೇ ಹುಡುಗ ಕಣೆ," ಮೀನಾಕ್ಷಮ್ಮ ಪಿಸುಗುಟ್ಟಿದರು. "ಪಾಪ, ಚೀಲ ಹಿಡಿದಾಗ ನೋಡಿದೆ, ಕಿರುಬೆರಳಿನ ಗೆಣ್ಣೇ ಕೂತುಹೋಗಿದೆ."

ವಿಮಲಾ ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು.

ಪ್ರಿನ್ಸಿಪಾಲ್ ಸೇತುರಾಮ್ ಅವರ ಕೋಣೆಯಲ್ಲಿ ಮೂವರು ವಿದ್ಯಾರ್ಥಿಗಳೂ ಸೇರಿದ್ದರು. "ಕೈ ಯಾರದ್ದಾದರೇನು? ಗುರುತು ಶಿಲ್ಪಶ್ರೀದು," ಎಂದರು ಸೇತುರಾಮ್.

"ಕೈ ಯಾರದು ಅನ್ನೋದೇ ಮುಖ್ಯ ಸಾರ್," ವಿಮಲಾ ಹೇಳಿದರು. "ಕದ್ದ ಮಾರ್ಕರ್ ಇಟ್ಟು ಚಿತ್ರ ತೆಗೆಯೋರು ಇನ್ನೊಬ್ಬರ ಕೈ ಕೇಳಿದ್ರೆ ಸಾಕ್ಷಿ ಹುಟ್ಟುತ್ತೆ. ಆ ಯಂತ್ರದ ಗುಂಡಿ ಉದ್ದದ ತಂತಿಯಲ್ಲಿದೆ. ಬಲಗೈ ಪ್ಲೇಟ್ ಮೇಲಿಟ್ಟು ಎಡಗೈಯಲ್ಲಿ ಒತ್ತಬಹುದು. ಅಂದ್ರೆ ಕಳ್ಳ ತೆಗೆದದ್ದು ತನ್ನ ಕೈನೇ. ಈ ಮೂಳೆ ಹೀಗೆ ಬಾಗಿ ಕೂಡಿದ್ರೆ ಮುಷ್ಟಿ ಹಿಡಿದಾಗ ಅಲ್ಲಿ ಗೆಣ್ಣು ಏಳಲ್ಲ. ಮೂವರೂ ಬಲಗೈ ಮುಷ್ಟಿ ಹಿಡೀರಿ."

ಶಿಲ್ಪಶ್ರೀಯ ಕೈಯಲ್ಲಿ ನಾಲ್ಕು ಗೆಣ್ಣು. ಮಧುಶ್ರೀಯ ಕೈಯಲ್ಲೂ ನಾಲ್ಕು. ಕೈಲಾಸನ ಕೈ ಜೇಬಿನಿಂದ ಹೊರಗೆ ಬರಲೇ ಇಲ್ಲ.

"ಉಂಗುರ ಬಿಚ್ಚಿಟ್ಟಿದ್ದೆ, ವಾಚು ಬಿಚ್ಚಿಟ್ಟಿದ್ದೆ," ಎಂದ ಕೊನೆಗೆ.

"ಮೂಳೆ ಬಿಚ್ಚಿಡೋಕಾಗಲ್ವಲ್ಲಪ್ಪ," ಎಂದರು ವಿಮಲಾ.

"ನನ್ನ ಆರು ತಿಂಗಳು ತಿಂದಳು ಮೇಡಂ. ಅವಳದ್ದೂ ಹೋಗಲಿ ಅಂದ್ಕೊಂಡೆ." ಅವನು ಸೀಸದ ತುಂಡನ್ನು ಮೇಜಿನ ಮೇಲಿಟ್ಟ.

ಸೇತುರಾಮ್ ಅವಳ ಮೇಲಿನ ಆರೋಪಪತ್ರ ಹರಿದರು. ಶಿಲ್ಪಶ್ರೀ ಮಾತ್ರ ಕದಲಲಿಲ್ಲ. "ಮುಷ್ಟಿ ಹಿಡಿ," ಎಂದಳು ಕೈಲಾಸನಿಗೆ. ಅವನು ಹಿಡಿದ. ಮೂರೇ ಗೆಣ್ಣು. ಪಕ್ಕದಲ್ಲಿ ತನ್ನ ಮಾರ್ಕರ್ ಇಟ್ಟು ಫೋನಿನಲ್ಲಿ ಫೋಟೋ ತೆಗೆದುಕೊಂಡಳು. "ಈಗ ಲೆಕ್ಕ ಸರಿಯಾಯ್ತು. ಆ ಅಜ್ಜಿಗೂ ತೋರಿಸ್ತೀನಿ."

ಹೊರಡುವಾಗ ಕೈಲಾಸನ ಕೈ ಅಭ್ಯಾಸಬಲದಿಂದ ಮೀನಾಕ್ಷಮ್ಮನ ಚೀಲದತ್ತ ಚಾಚಿತು.

"ಬೇಡಪ್ಪ," ಎಂದು ಅವರು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು.