ಗೋಡೆಯಾಚೆಯ ಗಿಟಾರ್

ನಮ್ಮ ಫ್ಯೂಷನ್ ತಂಡದ ಕಾರ್ಯಕ್ರಮಕ್ಕೆ ಎರಡೇ ದಿನವಿತ್ತು. ನನ್ನ ಗಿಟಾರ್ ಮಾತ್ರ ನಾಲ್ಕು ಸ್ವರಗಳಲ್ಲೇ ಸಿಕ್ಕಿಕೊಂಡಿತ್ತು. “ಅಣ್ಣಾ, ಅದನ್ನೇ ಇನ್ನೆಷ್ಟು ಸಲ ತಿರುಗಿಸ್ತೀಯಾ?” ಎಂದು ಡ್ರಮ್ಸ್ ಬಾರಿಸುವ ತಮ್ಮ ಬೇಸತ್ತು ಊಟಕ್ಕೆ ಹೋದ.

ಅಭ್ಯಾಸದ ಕೋಣೆಯಲ್ಲಿ ಒಬ್ಬನೇ ಮತ್ತೆ ನುಡಿಸಿದೆ. ಗೋಡೆಯಾಚೆಯಿಂದ ಅವೇ ಸ್ವರಗಳು ಬಂದವು. ಕೊನೆಯದು ಮಾತ್ರ ತುಸು ಇಳಿದಿತ್ತು. ನಾನೂ ಹಾಗೇ ನುಡಿಸಿದೆ. ಈ ಸಲ ಅವು ನಡುವೆ ತಡೆದು, ಹಿಂದುಮುಂದಾಗಿ ಬಂದವು. ಮಧ್ಯಾಹ್ನದ ಸೆಕೆಯಲ್ಲೂ ತಂತಿಗಳು ಬೆರಳಿಗೆ ತಣ್ಣಗೆ ಕೊರೆಯುತ್ತಿದ್ದವು. ಹೀಗೆ ಒಂದು ಗಂಟೆಯಲ್ಲಿ ಸ್ವರಗಳ ಸಿಕ್ಕು ಬಿಟ್ಟು, ನನ್ನ ಕೈ ಹಗುರಾಯಿತು.

ಪಕ್ಕದ ಕೋಣೆಯವರಿಗೆ ಧನ್ಯವಾದ ಹೇಳೋಣವೆಂದು ಹೊರಬಂದು ದಾರಿ ಕೇಳಿದೆ. “ಆ ಕಡೆ ರೂಮೆಲ್ಲಿದೆ ಸಾರ್? ಗೋಡೆ ಆಚೆ ಬರೀ ಬಯಲು,” ಎಂದ ಕಟ್ಟಡದ ಕಾವಲುಗಾರ. ನಾವಿದ್ದದ್ದು ಮೂರನೆಯ ಮಹಡಿ.

ಕಾರ್ಯಕ್ರಮದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರಾದರೇನು, ಇವತ್ತಿಗೂ ಅವರನ್ನು ನೆನೆದು ಕೈಮುಗಿಯುತ್ತೇನೆ. ಅಂದಿನ ಅಭ್ಯಾಸ ಫೋನಿನಲ್ಲಿ ರೆಕಾರ್ಡ್ ಆಗಿದೆ. ಅವರ ಉತ್ತರಗಳೆಲ್ಲ ಸ್ಪಷ್ಟವಾಗಿ ಕೇಳಿಸುತ್ತವೆ. ನಾನು ನುಡಿಸಿದ್ದು ಒಂದೂ ಇಲ್ಲ.