ಬಾಗಿಲು ಹಾಕಿದ ಮಂಗಳವಾರ

ಏಳು ವರ್ಷ ಭದ್ರಾವತಿಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರಕ್ಕೆ ಬಂದು ಪಾಠ ಹೇಳಿದವನು ನಾಗೇಶ್. ಖಾಯಂ ಹುದ್ದೆ ಬಂದಾಗ ಶಿಫಾರಸು ಹೋದದ್ದು ಮಾತ್ರ ನಿನ್ನೆ ಮೊನ್ನೆ ಸೇರಿದ ಸಂಧ್ಯಾಳ ಹೆಸರಿಗೆ. ಹೊಟ್ಟೆ ಉರಿಯದೆ ಇನ್ನೇನಾಗುತ್ತೆ? "ನಿಂದು ಮುಂದಿನ ಸಲ ನೋಡೋಣ ಮಾರಾಯ" ಎಂದು ಭೌತಶಾಸ್ತ್ರ ವಿಭಾಗದ ಮುಖ್ಯಸ್ಥ ಜಂಬಣ್ಣ ಬೆನ್ನು ತಟ್ಟಿದರು. ಮುಂದಿನ ಸಲದ ಹೊತ್ತಿಗೆ ಅತಿಥಿ ಉಪನ್ಯಾಸಕ ನಾಗೇಶನ ವಯಸ್ಸು ಮೀರಿರುತ್ತದೆ. ಅದು ತಟ್ಟಿದವರಿಗೂ ಗೊತ್ತಿತ್ತು, ತಟ್ಟಿಸಿಕೊಂಡವನಿಗೂ ಗೊತ್ತಿತ್ತು.

ದಾರಿ ತೋರಿಸಿದ್ದು ವಿಶ್ವವಿದ್ಯಾಲಯವೇ. ಹೋದ ವರ್ಷ ಪರೀಕ್ಷಾ ವಿಭಾಗದ ಇ-ಮೇಲ್ ಖಾತೆಗೆ ಯಾರೋ ನುಗ್ಗಿ ಪ್ರಶ್ನೆಪತ್ರಿಕೆ ಎಗರಿಸಿದ್ದರು. ಪರೀಕ್ಷೆ ರದ್ದಾಯಿತು, ಮತ್ತೆ ನಡೆಸಲು ಲಕ್ಷಗಟ್ಟಲೆ ಸುರಿದದ್ದಾಯಿತು, ಪೇಪರಿನಲ್ಲಿ ಮಾನ ಹರಾಜಾದದ್ದು ಬೇರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಮೇಲೆ ಸುತ್ತೋಲೆ ಬಂತು: ಎಲ್ಲರೂ ಪಾಸ್‌ವರ್ಡ್ ಬದಲಿಸತಕ್ಕದ್ದು. "ಇದೆಲ್ಲ ನಂಗೆ ಹರಿಯಲ್ಲ. ನೀನೇ ಏನಾದ್ರೂ ಗಟ್ಟಿ ಇರೋದು ಹಾಕ್ಕೊಡು" ಎಂದು ಜಂಬಣ್ಣ ಕುರ್ಚಿ ಬಿಟ್ಟುಕೊಟ್ಟರು. ನಾಗೇಶ್ ಗಟ್ಟಿಯಾದದ್ದನ್ನೇ ಹಾಕಿಕೊಟ್ಟ. ಆಗ ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ.

ಈಗ ಇತ್ತು. ಜಂಬಣ್ಣನವರ ಖಾತೆಯಿಂದ ರಿಜಿಸ್ಟ್ರಾರ್‌ಗೆ ಒಂದು ಮೇಲ್ ಹೋಗಬೇಕು: ಮರುಯೋಚನೆ ಮಾಡಿದ್ದೇನೆ, ಏಳು ವರ್ಷದ ಸೇವೆಯನ್ನು ಗಮನಿಸಿ ನಾಗೇಶನನ್ನೇ ಆರಿಸಿ. ಜಂಬಣ್ಣ ಅಲ್ಲಗಳೆದರೆ? ಅಲ್ಲಗಳೆದರೂ ಯಾರೂ ನಂಬಬಾರದು. ಅವರು ಕಂಪ್ಯೂಟರಿನ ಮುಂದೆ ಒಬ್ಬರೇ ಕೂತಿದ್ದಾಗಲೇ ಮೇಲ್ ಹೋಗಿರಬೇಕು.

ಅಂಥ ಹೊತ್ತು ಅವನಿಗೆ ಸಲೀಸಾಗಿ ಸಿಕ್ಕಿತು. ಸವಳಂಗ ರಸ್ತೆಯ ಆ ಸ್ನಾತಕೋತ್ತರ ಕೇಂದ್ರಕ್ಕೆ ಅವನು ಬರುತ್ತಿದ್ದದ್ದು ಮಂಗಳವಾರ ಮಾತ್ರ. ಉಳಿದ ದಿನವೆಲ್ಲ ಭದ್ರಾವತಿಯ ಟ್ಯುಟೋರಿಯಲ್ಲಿನಲ್ಲಿ ದುಡಿತ. ಪ್ರತಿ ಮಂಗಳವಾರ ಮೂರಕ್ಕೆ ಜಂಬಣ್ಣ ಬಾಗಿಲು ಹಾಕಿಕೊಳ್ಳುತ್ತಿದ್ದರು, ತೆಗೆಯುತ್ತಿದ್ದದ್ದು ನಾಲ್ಕೂವರೆಗೆ. "ಸಾಹೇಬ್ರು ಕಂಪ್ಯೂಟರ್‌ನಲ್ಲಿ ಬಿಜಿ, ಆಮೇಲೆ ಬನ್ನಿ" ಎಂದು ಅಟೆಂಡರ್ ಓಬಯ್ಯ ಎಲ್ಲರನ್ನೂ ಸಾಗಹಾಕುತ್ತಿದ್ದ. ಕಿಟಕಿಯ ಸಂದಿಯಲ್ಲಿ ನಾಗೇಶ್ ಒಮ್ಮೆ ಇಣುಕಿದ್ದ. ಸಾಹೇಬರು ಕಂಪ್ಯೂಟರಿನಲ್ಲಿ ಒಬ್ಬರೇ ಇಸ್ಪೀಟ್ ಆಡುತ್ತಿದ್ದರು! ಸೋಮಾರಿ ಮುದುಕ, ಇವನ ಕೈಯಲ್ಲಿ ನನ್ನ ಅನ್ನ ಎಂದು ಮೈ ಉರಿಯಿತು. ಇಡೀ ಕೇಂದ್ರಕ್ಕೆ ಇದ್ದದ್ದು ಒಂದೇ ಇಂಟರ್ನೆಟ್ ಲೈನು. ಮೇಲ್ ಯಾವ ಕೋಣೆಯಿಂದ ಹೋಯಿತೆಂದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ.

ಆ ಮಂಗಳವಾರ ಮೂರೂವರೆಗೆ ಪಕ್ಕದ ಲ್ಯಾಬಿನಲ್ಲಿ ಕೂತು ಕಳಿಸಿಯೇಬಿಟ್ಟ. ಕಳಿಸಿದ್ದರ ಪ್ರತಿಯನ್ನು ಅಳಿಸಿದ. ಕೆಲಸ ಮುಗಿದ ಮೇಲೆ ಯಾಕೋ ಕಾಲು ನಿಲ್ಲಲಿಲ್ಲ. ಬಸ್ಸು ಬಿಟ್ಟು ಆಲ್ಕೊಳ ಸರ್ಕಲ್ಲಿನವರೆಗೆ ನಡೆದ, ಚಹಾ ಹೇಳಿ ಕುಡಿಯದೆ ಎದ್ದ. ಮರುದಿನ ಟ್ಯುಟೋರಿಯಲ್ಲಿನ ಫೋನು ರಿಂಗಾದಾಗಲೆಲ್ಲ ಪಾಠ ನಿಲ್ಲಿಸಿ ಕಿವಿಗೊಡುತ್ತಿದ್ದ. ಎಲ್ಲಿ ತಪ್ಪಿದೆ? ಎಲ್ಲೂ ಇಲ್ಲ. ಹಾಗೆಂದು ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಮತ್ತೆ ಮೊದಲಿನಿಂದ ಲೆಕ್ಕ ಹಾಕುತ್ತಿದ್ದ.

ಗುರುವಾರ ಕರೆ ಬಂತು. ರಿಜಿಸ್ಟ್ರಾರ್ ವಿಶ್ವಾರಾಧ್ಯರ ಕೋಣೆಯಲ್ಲಿ ಜಂಬಣ್ಣ ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದರು.

"ಮಂಗಳವಾರ ಮೂರೂವರೆಗೆ ಈ ಮೇಲ್ ಬಂದಿದೆ. ಇವ್ರು ನಾನು ಕಳಿಸೇ ಇಲ್ಲ ಅಂತಾರೆ. ನಿಮಗೇನಾದ್ರೂ ಗೊತ್ತಾ ನಾಗೇಶ್?"

ಈ ಪ್ರಶ್ನೆಗೆ ಉತ್ತರ ಬಸ್ಸಿನಲ್ಲೇ ತಯಾರಾಗಿತ್ತು. "ಜಂಬಣ್ಣ ಸರ್ ಮೇಲೆ ಯಾರೋ ಒತ್ತಡ ಹಾಕಿರ್ಬೇಕು ಸರ್, ಈಗ ಹಿಂದೆ ಸರೀತಿದಾರೆ. ಆ ಹೊತ್ತಲ್ಲಿ ಅವ್ರು ರೂಮಲ್ಲಿ ಕಂಪ್ಯೂಟರ್ ಮುಂದೇನೇ ಇದ್ರು. ಓಬಯ್ಯನ್ನ ಬೇಕಾದ್ರೆ ಕೇಳಿ."

"ಕೇಳಿದೀನಿ. ಇದ್ರಂತೆ" ಎಂದರು ವಿಶ್ವಾರಾಧ್ಯ. ನಾಗೇಶ್ ಎರಡು ದಿನದ ಮೇಲೆ ಮೊದಲ ಸಲ ಸರಾಗವಾಗಿ ಉಸಿರಾಡಿದ.

ಜಂಬಣ್ಣ ತಲೆ ತಗ್ಗಿಸಿದರು. ತರಗತಿಯಲ್ಲಿ ಪಂಚಾಂಗವನ್ನು ಗೇಲಿ ಮಾಡುವ ವಿಜ್ಞಾನದ ಮೇಷ್ಟ್ರಿಗೆ ಬಾಯಿಬಿಟ್ಟು ಹೇಳಲು ನಾಚಿಕೆ; ವಿಶ್ವಾರಾಧ್ಯರೇ ಹೇಳಿದರು. "ಇವ್ರು ಕೆಲಸಕ್ಕೆ ಸೇರಿದ್ದೂ ಒಂದು ಮಂಗಳವಾರಾನೇ. ಆರ್ಡರ್ ಜೇಬಲ್ಲಿಟ್ಕೊಂಡು ನಾಲ್ಕೂವರೆ ಆಗ್ಲಿ ಅಂತ ನಮ್ಮಾಫೀಸಿನ ಬೆಂಚ್ ಮೇಲೆ ಕಾದಿದ್ರು. ರಾಹುಕಾಲದಲ್ಲಿ ಈ ಮನುಷ್ಯ ಒಂದು ಸಹಿ ಹಾಕಲ್ಲ ಕಣ್ರೀ, ನೌಕರಿಗೆ ಶಿಫಾರಸು ಕಳಿಸ್ತಾರಾ? ಇನ್ನು ಪಾಸ್‌ವರ್ಡ್ ಗೊತ್ತಿರೋದು ಇವರನ್ನ ಬಿಟ್ರೆ ನಿಮಗೊಬ್ರಿಗೇ." ಮಂಗಳವಾರ ಮೂರರಿಂದ ನಾಲ್ಕೂವರೆ. ಅಯ್ಯೋ, ಅದು ನಾಗೇಶನಿಗೆ ಹೊಳೆಯದೆ ಹೋಯಿತಲ್ಲ! ಏಳು ವರ್ಷದಿಂದ ಅದೇ ಹೊತ್ತಿಗೆ, ಒಂದು ವಾರವೂ ತಪ್ಪಿಸದೆ, ಮಗನ ಕೆಲಸ ಖಾಯಂ ಆಗಲೆಂದು ಅವನ ತಾಯಿ ಕಾಳಮ್ಮ ಭದ್ರಾವತಿಯ ಅಮ್ಮನವರ ಗುಡಿಯಲ್ಲಿ ರಾಹುಕಾಲದ ನಿಂಬೆಹಣ್ಣಿನ ದೀಪ ಹಚ್ಚುತ್ತಿದ್ದಳು.