ಇಬ್ಬರಿಗೊಂದು ಲಾರಿ

“ಗಂಡ-ಹೆಂಡ್ತಿ ಒಟ್ಟಿಗೇ ಬಂದಿದ್ದು ಒಳ್ಳೇದಾಯ್ತು. ನಾನೂ ಒಂದೇ ಸಲ ಹೇಳಿ ಮುಗಿಸ್ತೀನಿ,” ಎಂದಳು ಉದ್ಯೋಗ ಕಚೇರಿಯ ಹೆಂಗಸು, ಕನ್ನಡಕವನ್ನು ಹಣೆಗೇರಿಸುತ್ತ.

ಬೊಗ್ನಾ ಹಿಂತಿರುಗಿ ನೋಡಿದಳು. ಯಾರ ಗಂಡ? ಬೆನ್ನ ಹಿಂದೆ ಒಬ್ಬ ಉದ್ದನೆಯ ಮನುಷ್ಯ ಉಣ್ಣೆ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತ ನಿಂತಿದ್ದ. ಕಿವಿ ಮಾತ್ರ ಕೆಂಪಗೆ ಹೊಳೆಯುತ್ತಿತ್ತು.

“ಇವರು ಯಾರೋ ನಂಗೊತ್ತಿಲ್ಲ.”

“ನಂಗೂ ಗೊತ್ತಿಲ್ಲ,” ಎಂದ ಅವನು. ಸ್ವಲ್ಪ ತಡೆದು, “ಗೊತ್ತಾದ್ರೆ ಬೇಜಾರೇನಿಲ್ಲ,” ಎಂದು ಸೇರಿಸಿದ.

ಬೊಗ್ನಾ ಅವನನ್ನು ದುರುಗುಟ್ಟಿ ನೋಡಿದಳು. ಅವನು ಟೋಪಿಯನ್ನು ನೋಡಿಕೊಂಡ.

ಕಚೇರಿಯ ಹೆಂಗಸು ನಿಟ್ಟುಸಿರಿಟ್ಟಳು. “ಹಾಗಿದ್ರೆ ಕೇಳಿ. ಸರ್ಕಾರದ ದುಡ್ಡಲ್ಲಿ ಲಾರಿ ಕಲಿಸ್ತೀವಿ. ಆದ್ರೆ ಕಲಿತವರಿಗೆ ಕೆಲಸ ಕೊಡ್ತೀನಿ ಅಂತ ಯಾರಾದ್ರೂ ಮೊದಲೇ ಮಾತು ಕೊಡ್ಬೇಕು. ಸದ್ಯಕ್ಕೆ ಮಾತು ಕೊಟ್ಟಿರೋರು ಲಾರಿ ಕಂಪನಿಯ ಓಟಿಲಿಯಾ ಮೇಡಂ ಒಬ್ಬರೇ. ಸ್ಪೇನಿಗೆ ಹೋಗೋ ಅವರ ಲಾರಿಗೆ ಜೋಡಿ ಡ್ರೈವರ್ ಬೇಕು, ಒಬ್ರು ಓಡಿಸ್ತಿದ್ರೆ ಇನ್ನೊಬ್ರು ಪಕ್ಕದಲ್ಲಿ. ಹೊಸವರನ್ನ ತಗೊಂಡ್ರೆ ಜೋಡೀಲೇ ತಗೊಳ್ತಾರೆ. ಇಬ್ರೂ ಪಾಸಾದ್ರೆ ಇಬ್ರಿಗೂ ಕೆಲಸ. ಒಬ್ರು ಪರೀಕ್ಷೇಲಿ ಬಿದ್ರೆ ಇಬ್ರಿಗೂ ಇಲ್ಲ.”

ಬೊಗ್ನಾ ಲಿಪೊವೊ ಹಳ್ಳಿಯವಳು. ಮುಚ್ಚುವ ತನಕ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿದ್ದಳು. ಸಕ್ಕರೆ ತುಂಬಿದ ಲಾರಿಗಳಿಗೆ ಅಡ್ಡಗೋಲು ಎತ್ತುವುದು, ಇಳಿಸುವುದು. ಡ್ರೈವರುಗಳು ಕೂಗಿ ಹೇಳುತ್ತಿದ್ದರು: ಲಿಸ್ಬನ್, ಅಥೆನ್ಸ್, ವೆಲೆನ್ಸಿಯಾ. ಅವಳು ಕೈಬೀಸುತ್ತಿದ್ದಳು. ತಾನು ಮಾತ್ರ ಟೊರೂನ್ ಪೇಟೆಯಾಚೆ ಹೋದವಳಲ್ಲ. ಈಗ ಅಕ್ಕ-ಭಾವನ ಮನೆಯಲ್ಲಿದ್ದುಕೊಂಡು ಅವರ ಬೀಟ್‌ರೂಟ್ ಹೊಲದಲ್ಲಿ ದುಡಿಯುತ್ತಿದ್ದಳು. ಗೇಟು ಎತ್ತಿದ್ದು ಸಾಕು, ಒಂದು ಸಲವಾದರೂ ಗೇಟು ದಾಟಬೇಕು ಎಂಬುದೊಂದೇ ಅವಳ ಮನಸ್ಸಿನಲ್ಲಿತ್ತು.

“ನಿಮ್ಮ ಹೆಸರು?” ಎಂದು ಆ ಉದ್ದನೆಯವನನ್ನು ಕೇಳಿದಳು.

“ಕಾಯೆತಾನ್. ಪೇಟೆ ಬೇಕರೀಲಿ ಬ್ರೆಡ್ ಸುಡ್ತಿದ್ದೆ. ಅದೂ ಮುಚ್ಚಿಹೋಯ್ತು.”

“ಬೀಳ್ಬೇಡಿ ಮತ್ತೆ.”

“ನೀವೂ,” ಎಂದ. ನಕ್ಕಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿದ್ದಿತು. ತಾನು ಅದನ್ನು ನೋಡಲೇ ಇಲ್ಲ ಎಂದುಕೊಂಡಳು ಬೊಗ್ನಾ.

*

ಬೀಳುವ ಭಯ ಅವನದೇ ಎಂದು ಬೊಗ್ನಾ ನಂಬಿದ್ದಳು. ಅವಳೇನು ಹೊಸಬಳೇ? ಟ್ರ್ಯಾಕ್ಟರಿಗೆ ಬೀಟ್‌ರೂಟ್ ಬಂಡಿ ಕಟ್ಟಿ, ಕೊಟ್ಟಿಗೆಯ ಇಕ್ಕಟ್ಟಿನ ಬಾಗಿಲಿಗೆ ಹಿಂದಕ್ಕೆ ನುಗ್ಗಿಸುವುದರಲ್ಲಿ ಲಿಪೊವೊದ ಗಂಡಸರೂ ಅವಳ ಮುಂದೆ ಸುಮ್ಮನಾಗುತ್ತಿದ್ದರು.

ಮೊದಲ ದಿನ ಮೈದಾನದಲ್ಲಿ ಟ್ರೇಲರ್ ಕಟ್ಟಿದ ಲಾರಿ ಹತ್ತಿ, ಗತ್ತಿನಿಂದ ಕನ್ನಡಿ ನೋಡಿ, ರಿವರ್ಸ್ ಹಾಕಿದಳು. ಟ್ರೇಲರ್ ಬಲಕ್ಕೆ ಹೋಗಬೇಕಿತ್ತು. ಅದು ಸೀದಾ ಎಡಕ್ಕೆ ಹೊರಳಿ ಸಾಲುಗಟ್ಟಿ ನಿಲ್ಲಿಸಿದ್ದ ಕಿತ್ತಳೆ ಬಣ್ಣದ ಕೋನ್‌ಗಳನ್ನೆಲ್ಲ ನುಂಗಿ ಹಾಕಿತು.

“ನಿಲ್ಸಮ್ಮ ನಿಲ್ಸು,” ಎಂದು ಲಾರಿ ಕಲಿಸುವ ಝೆನೊನ್ ಮೇಷ್ಟ್ರು ಓಡಿಬಂದರು. “ಹಳ್ಳಿಯವಳು ತಾನೆ ನೀನು? ಬಂಡಿಯ ಕೈ ಇದು. ಬಂಡಿಗೆ ಮುಂದಿನ ಗಾಲಿ ಬೇರೆಯಾಗಿ ತಿರುಗುತ್ತೆ, ಅದಕ್ಕೆ ನೀನು ತಿರುಗಿಸಿದ ಕಡೆಗೇ ಹೋಗುತ್ತೆ. ಈ ಟ್ರೇಲರಿಗೆ ಮುಂದಿನ ಗಾಲಿ ಎಲ್ಲಿದೆ? ಇದು ಉಲ್ಟಾ.”

ಉಲ್ಟಾ ಎಂಬುದು ತಲೆಗೆ ತಿಳಿಯಿತು, ಕೈಗೆ ತಿಳಿಯಲಿಲ್ಲ. ವಾರವಾದರೂ ತಿಳಿಯಲಿಲ್ಲ. ಬಂಡಿಯನ್ನೇ ಮುಟ್ಟದ ಕಾಯೆತಾನ್ ಮಾತ್ರ ಒಲೆಗೆ ಬ್ರೆಡ್ ತಟ್ಟೆ ತಳ್ಳಿದಷ್ಟು ಸಲೀಸಾಗಿ ಟ್ರೇಲರನ್ನು ಕೋನ್‌ಗಳ ನಡುವೆ ತಳ್ಳಿಬಿಡುತ್ತಿದ್ದ.

“ನಗಿ, ನಗಿ,” ಎಂದಳು ಬೊಗ್ನಾ ಒಂದು ಮಧ್ಯಾಹ್ನ, ಮೈದಾನದ ಅಂಚಿನ ಬೆಂಚಿನಲ್ಲಿ ಉಪ್ಪುನೀರಿನ ಸೌತೆಕಾಯಿ ಕಚ್ಚುತ್ತ.

“ನಾನೆಲ್ಲಿ ನಕ್ಕೆ?”

“ಕೆನ್ನೇಲಿ ಗುಳಿ ಬಿದ್ದಿದೆ.”

“ಓ, ಅದನ್ನ ನೋಡಿಟ್ಟುಕೊಂಡಿದೀರಾ?”

ಸೌತೆಕಾಯಿ ಗಂಟಲಲ್ಲಿ ಸಿಕ್ಕಿತು. ಅವನು ತನ್ನ ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಟ್ಟ. ನಿಂಬೆಹಣ್ಣು ಹಿಂಡಿದ ಬಿಸಿ ಚಹಾ. ಲೋಟ ಕೈ ಬದಲಾಗುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಸ್ವಲ್ಪ ಹೊತ್ತು ಕೋನ್‌ಗಳನ್ನೇ ಬಹಳ ಶ್ರದ್ಧೆಯಿಂದ ನೋಡಿದರು.

ಆ ಸಂಜೆ ಮನೆಯಲ್ಲಿ ಅಕ್ಕ ಯದ್ವಿಗಾ ಆಲೂಗಡ್ಡೆ ಸುಲಿಯುತ್ತ ಕೇಳಿದಳು: “ಯಾಕೆ ಸುಮ್ಮನೆ ನಗ್ತಿದೀಯಾ? ಲಾರಿ ಬಂತಾ ಕೈಗೆ?”

“ಇಲ್ಲ.”

“ಮತ್ತೆ ಏನು ಬಂತು?”

ಬೊಗ್ನಾ ಬಕೆಟ್ ಎತ್ತಿಕೊಂಡು ಹಸುಗಳ ಕಡೆ ನಡೆದಳು.

*

ಕಾಯೆತಾನ್ ಮೊದಲ ಸಲಕ್ಕೇ ಪಾಸಾದ. ಬೊಗ್ನಾ ರಿವರ್ಸ್‌ನಲ್ಲೇ ಬಿದ್ದಳು. ಉದ್ಯೋಗ ಕಚೇರಿ ಇನ್ನೊಂದು ಅವಕಾಶ ಕೊಟ್ಟಿತು, ಅದೇ ಕೊನೆಯದು. ವರ್ಷ ಮುಗಿದರೆ ಆ ಹಣ ಸರ್ಕಾರಕ್ಕೆ ವಾಪಸಾಗುತ್ತಿತ್ತು.

ಮರುದಿನ ಮೇಷ್ಟ್ರು ಬಾಯಿ ತಪ್ಪಿ ಹೇಳಿಬಿಟ್ಟರು: “ಪುಣ್ಯಾತ್ಮ ಆ ಕಾಯೆತಾನ್. ಓಟಿಲಿಯಾ ಹತ್ರ ಹಳೇ ಡ್ರೈವರ್ ಒಬ್ಬ ಇದಾನೆ, ಜೊತೆಗಾರ ಇಲ್ದೆ ಕೂತಿದಾನೆ. ‘ನೀನು ಪಾಸಾಗಿದೀಯಲ್ಲ, ಅವನ ಜೊತೆ ನಾಳೆಯೇ ಹೊರಡು’ ಅಂದ್ರೆ, ಬೇಡ ಅಂದ್ನಂತೆ.”

ಬೊಗ್ನಾಳ ಮೈಯೆಲ್ಲ ಬಿಸಿಯಾಯಿತು. ಕಾಯೆತಾನ್ ಗೇಟಿನಲ್ಲಿ ಕಾಣಿಸಿಕೊಂಡದ್ದೇ ತಡ, ಎದುರು ಹೋಗಿ ನಿಂತಳು.

“ನೀನ್ಯಾರು ನನಗೋಸ್ಕರ ಕೆಲಸ ಬಿಡೋಕೆ? ನಾನು ಬೀಳ್ತೀನಿ, ನೀನೂ ಹಾಳಾಗ್ತೀಯ. ನಿನ್ನ ಕನಿಕರ ನನಗೆ ಬೇಡ.”

ನೀವು ಎನ್ನುತ್ತಿದ್ದವಳು ಸಿಟ್ಟಿನಲ್ಲಿ ಏಕವಚನಕ್ಕೆ ಇಳಿದದ್ದು ಅವಳಿಗೇ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಕಿವಿ ಕೆಂಪಾಯಿತು.

“ಕನಿಕರ ಅಲ್ಲ,” ಎಂದ. “ವಾಸನೆ ಬರ್ತಿಲ್ವಾ?”

ಬರುತ್ತಿತ್ತು. ಆಗಷ್ಟೇ ಅವಳು ಅವನನ್ನು ಸರಿಯಾಗಿ ನೋಡಿದಳು. ಬೂಟಿನಿಂದ ಮಂಡಿಯವರೆಗೆ ಸಗಣಿ.

“ಬೆಳಿಗ್ಗೆ ನಿಮ್ಮ ಭಾವನ ಹತ್ರ ಹೋಗಿದ್ದೆ. ಟ್ರ್ಯಾಕ್ಟರೂ ಬಂಡಿಯೂ ಕೊಡಿ, ಹಿಂದಕ್ಕೆ ಓಡಿಸಿ ನೋಡ್ಬೇಕು ಅಂದೆ. ನಿನ್ನ ಕೈಗೆ ಏನು ಗೊತ್ತು ಅಂತ ನನ್ನ ಕೈಗೂ ಗೊತ್ತಾಗ್ಬೇಕಲ್ಲ. ನಿಮ್ಮ ಗೊಬ್ಬರದ ಗುಂಡಿಗೇ ನುಗ್ಗಿಸ್ದೆ. ಊರಿಗೆ ಊರೇ ಬೇಲಿ ಹಿಡ್ಕೊಂಡು ನೋಡ್ತು. ನಿಮ್ಮಕ್ಕ ಕೂತ್ಕೊಂಡು ನಗೋಕೆ ಕುರ್ಚಿ ತರಿಸಿದ್ರು.”

ಬೊಗ್ನಾಳ ಸಿಟ್ಟು ಎಲ್ಲಿ ಹೋಯಿತೋ. ತುಟಿ ಕಚ್ಚಿ ಹಿಡಿದರೂ ನಗು ಮೂಗಿನಿಂದ ಹೊರಟಿತು.

“ನಗು ಆಮೇಲೆ. ಒಂದು ವಿಷಯ ಹೊಳೀತು, ಬಾ.”

ಅವಳನ್ನು ಲಾರಿಯಲ್ಲಿ ಕೂರಿಸಿ, ತಾನು ಮೆಟ್ಟಿಲ ಮೇಲೆ ನಿಂತು, ತೆರೆದ ಬಾಗಿಲಿನಿಂದ ಬಾಗಿದ. ಸ್ಟಿಯರಿಂಗಿನ ನೆತ್ತಿಯ ಮೇಲಿದ್ದ ಅವಳ ಬಲಗೈಯನ್ನು ಮೆಲ್ಲಗೆ ಬಿಡಿಸಿ, ಚಕ್ರದ ತಳಕ್ಕೆ ತಂದು ಇಟ್ಟ. ಕೈ ಮೇಲೆ ಕೈ ಅಲ್ಲಿಯೇ ಉಳಿಯಿತು. ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು.

“ನೀನೇನೂ ಮರೀಬೇಡ. ಬಂಡಿ ನಡೆಸೋ ಹಾಗೇ ನಡೆಸು. ಬಾಲ ಯಾವ ಕಡೆ ಬೇಕೋ ಆ ಕಡೆಗೇ ಕೈ ಒಯ್ಯಿ. ಆದ್ರೆ ಕೆಳಗಿಂದ ಹಿಡಿ, ಅಷ್ಟೆ. ಕೆಳಗಿಂದ ಹಿಡಿದ್ರೆ ಚಕ್ರ ತಾನಾಗೇ ಉಲ್ಟಾ ತಿರುಗುತ್ತೆ.”

ಅವಳು ಕೈಯನ್ನು ಎಡಕ್ಕೆ ಒಯ್ದಳು. ಟ್ರೇಲರ್ ದೊಡ್ಡ ಸಾಧು ಪ್ರಾಣಿಯಂತೆ ಎಡಕ್ಕೆ ಬಂದಿತು. ಬಲಕ್ಕೆ ಒಯ್ದಳು. ಬಲಕ್ಕೆ ಬಂದಿತು. ಒಂದು ಕೋನ್ ಕೂಡ ಅಲುಗಲಿಲ್ಲ.

“ಅಯ್ಯೋ,” ಎಂದಳು, ಉಸಿರಿನಷ್ಟೇ ಮೆಲ್ಲಗೆ. ಎದೆ ಎಂಜಿನ್ನಿನ ಜೊತೆ ಪೈಪೋಟಿಗೆ ಬಿದ್ದಂತೆ ಹೊಡೆದುಕೊಳ್ಳುತ್ತಿತ್ತು. ತಿರುಗಿ ನೋಡಿದರೆ ಅವನ ಮುಖ ಬಹಳ ಹತ್ತಿರದಲ್ಲಿತ್ತು, ಸಗಣಿಯ ವಾಸನೆಯೊಂದಿಗೆ. ಇಬ್ಬರಲ್ಲಿ ಯಾರೂ ಹಿಂದಕ್ಕೆ ಸರಿಯಲಿಲ್ಲ. ಮೇಷ್ಟ್ರು ದೂರದಿಂದ ಸೀಟಿ ಊದಿದರು.

*

ಎರಡನೆಯ ಪರೀಕ್ಷೆಯ ದಿನ ತೆಳ್ಳಗೆ ಹಿಮ ಬಿದ್ದಿತ್ತು. ಕಾಯೆತಾನ್ ಪರೀಕ್ಷಾ ಕೇಂದ್ರದ ಬೇಲಿಗೆ ಒರಗಿ ನಿಂತಿದ್ದ. ಬೊಗ್ನಾ ಅವನತ್ತ ನೋಡಲಿಲ್ಲ. ಕೈಯನ್ನು ತಳಕ್ಕೆ ತಂದಳು. ಹಿಂದಕ್ಕೆ ತಳ್ಳಿದಳು. ಕನ್ನಡಿಯಲ್ಲಿ ಕೋನ್‌ಗಳು ಒಂದೊಂದಾಗಿ, ಮುಟ್ಟಿಸಿಕೊಳ್ಳದೆ, ಮರ್ಯಾದೆಯಿಂದ ಮುಂದೆ ಸರಿದುಹೋದವು. ಆಮೇಲೆ ಪೇಟೆಯ ಬೀದಿಗಳು, ಟ್ರಾಮಿನ ಹಳಿ, ಇಕ್ಕಟ್ಟಿನ ತಿರುವು. ವಾಪಸು ಬಂದು ನಿಲ್ಲಿಸಿದಾಗ ಪರೀಕ್ಷಕ, “ಇಳೀರಿ, ಪಾಸಾಗಿದೀರಿ,” ಎಂದ, ಹವಾಮಾನ ಹೇಳುವವನ ಹಾಗೆ.

ಅವಳು ಇಳಿಯಲಿಲ್ಲ, ಹಾರಿದಳು. ಹಿಮದಲ್ಲಿ ಜಾರುತ್ತ ಬೇಲಿಯವರೆಗೆ ಓಡಿ, ಕಾಯೆತಾನನ ಕೋಟಿನ ಎರಡೂ ಅಂಚು ಹಿಡಿದುಕೊಂಡಳು. ಅವನೇ ಮೊದಲು ಮಾತಾಡಿದ, ಅವಸರದಲ್ಲಿ.

“ಇವತ್ತೇ ಹೇಳ್ಬೇಕು, ಕೇಳು. ನೀನು ಬಿದ್ದ ಮೇಲೆ ಹೇಳಿದ್ರೆ ಕನಿಕರ ಅಂತಿದ್ದೆ. ಇನ್ನು ಲಾರಿ ಹತ್ತಿದ ಮೇಲೆ ಹೇಳಿದ್ರೆ ನೀನು ಬೇಡ ಅಂದ್ರೂ ಓಡಿಹೋಗೋಕೆ ಜಾಗ ಇರೋಲ್ಲ, ವೆಲೆನ್ಸಿಯಾ ತನಕ ನನ್ನ ಪಕ್ಕಾನೇ ಕೂತಿರ್ಬೇಕು. ಅದು ಅನ್ಯಾಯ. ಹಾಗಾಗಿ ಹೇಳೋಕೆ ಇರೋದು ಇದೊಂದೇ ಹೊತ್ತು. ನಂಗೆ ನೀನು ಇಷ್ಟ. ಆವತ್ತು ಕಚೇರೀಲಿ ದುರುಗುಟ್ಟಿ ನೋಡಿದೆಯಲ್ಲ, ಆಗಿಂದ.”

“ಬೇಡ ಅಂದ್ರೆ?”

“ಒಳ್ಳೇ ಜೊತೆಗಾರನಾಗಿರ್ತೀನಿ. ಮ್ಯಾಪ್ ನೋಡ್ತೀನಿ, ಬ್ರೆಡ್ ಹೆಚ್ಚಿಕೊಡ್ತೀನಿ. ಮತ್ತೆ ಈ ಮಾತೇ ಎತ್ತಲ್ಲ.”

ಅವನ ಧ್ವನಿ ನೇರವಾಗಿತ್ತು. ಹೇಳಿದಂತೆಯೇ ನಡೆದುಕೊಳ್ಳುವವನು ಎಂದು ಬೊಗ್ನಾಳಿಗೆ ಖಾತ್ರಿಯಿತ್ತು. ಅದಕ್ಕೇ ಕೋಟಿನ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಓಟಿಲಿಯಾ. ಮೇಷ್ಟ್ರು ಆಗಲೇ ಸುದ್ದಿ ಮುಟ್ಟಿಸಿದ್ದರು.

“ಬೇಷ್ ಕಣೇ ಹುಡುಗಿ,” ಎಂದಿತು ಗಡಸು ದನಿ. “ಸೋಮವಾರ ಹೊರಡೋದು. ಕ್ಯಾಬಿನ್ನಲ್ಲಿ ಮೇಲೊಂದು ಕೆಳಗೊಂದು ಹಾಸಿಗೆ ಇದೆ. ಗಂಡ-ಹೆಂಡ್ತಿ ಆದ್ರೆ ಹಾಗೇ ಬಿಡ್ತೀನಿ, ಬೇರೆಯವರಾದ್ರೆ ಕೆಳಗಿನದಕ್ಕೆ ಪರದೆ ಹಾಕಿಸ್ತೀನಿ. ನಿಮಗೆ ಏನು ಮಾಡ್ಲಿ?”

ಕಾಯೆತಾನನಿಗೂ ಕೇಳಿಸಿತ್ತು. ಅವನು ಹಿಮವನ್ನು ನೋಡುತ್ತ ನಿಂತ. ಕೋಟಿನ ಒಂದು ಅಂಚು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

“ಪರದೆ ಹಾಕಿಸಿ ಮೇಡಂ,” ಎಂದಳು ಬೊಗ್ನಾ. ಅವನ ಭುಜ ಕುಸಿದದ್ದು ನೋಡಿ, ಆ ಅಂಚನ್ನು ತನ್ನತ್ತ ಎಳೆದುಕೊಂಡಳು. “ಆದ್ರೆ ಕೆಳಗೆ ಮಲಗೋಳು ನಾನು. ಒಳಗಿಂದ ಸರಿಸೋಕೆ ಬರೋ ಹಾಗಿರ್ಲಿ.”